ಸ್ಟ್ರೈಟನಿಂಗ್ ಆದ ಕೂದಲಿಗೆ ರೋಲರ್ ಸುತ್ತುವ ಮುನ್ನ

ಹಾಸನ, ಚಿಕ್ಕಮಗಳೂರು ಕಡೆಯ ಮದುವೆಗಳಲ್ಲಿ ಹೆಣ್ಣಿನ ತಲೆಗೆ ಹನ್ನೆರಡು ಗಂಟೆಯೊಳಗೆ ಎರಡು ಅಲಂಕಾರ ಆಗಬೇಕು. ಸಂಜೆ ರಿಸೆಪ್ಷನ್‌ಗೆ ಬಿಟ್ಟ ಕೂದಲು, ಬೆನ್ನ ಮೇಲೆ ದೊಡ್ಡ ದೊಡ್ಡ ಸುರುಳಿ. ಬೆಳಗಿನ ಜಾವ ಮುಹೂರ್ತಕ್ಕೆ ಬಿಗಿಯಾಗಿ ಹೆಣೆದ ಮೊಗ್ಗಿನ ಜಡೆ. ಈ ಎರಡನ್ನೂ ಹೊರಬೇಕಾದ ಕೂದಲು ಎಷ್ಟೋ ಸಲ ನಿಶ್ಚಿತಾರ್ಥದ ಹೊತ್ತಿಗೇ ರೀಬಾಂಡಿಂಗೋ ಸ್ಮೂತನಿಂಗೋ ಆಗಿ, ಅರ್ಧ ಸತ್ವ ಕಳೆದುಕೊಂಡಿರುತ್ತದೆ. ನೇರ ಮಾಡಿಸಿದ್ದನ್ನು ಮತ್ತೆ ಗುಂಗುರು ಮಾಡುವುದು ಕೇಳುವುದಕ್ಕೇ ವಿಚಿತ್ರ, ಆದರೆ ಆಲ್ಬಮ್ ಹಾಗೆ ಕೇಳುತ್ತದೆ.

ಇಂಥ ಕೂದಲಿಗೆ ಪಾರ್ಲರ್‌ಗಳಲ್ಲಿ ಸಾಮಾನ್ಯವಾಗಿ ಕೈಗೆ ಬರುವುದು ಟಾಂಗ್, ಅಂದರೆ ಕರ್ಲಿಂಗ್ ರಾಡು. ಬೇಗ ಆಗುತ್ತದೆ, ಕರೆಂಟ್ ಇದ್ದರೆ ಸಾಕು. ಆದರೆ ಆ ರಾಡು 180ರಿಂದ 200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕೂದಲನ್ನು ಮುಟ್ಟುತ್ತದೆ. ಒದ್ದೆ ಕೂದಲನ್ನು ರೋಲರ್‌ಗೆ ಸುತ್ತಿ ಹುಡ್ ಡ್ರೈಯರ್, ಅಂದರೆ ತಲೆಯನ್ನು ಮುಚ್ಚುವ ಬಿಸಿಗಾಳಿಯ ಟೋಪಿಯ ಕೆಳಗೆ ಕೂರಿಸಿದರೆ ತಾಗುವ ಗಾಳಿಯ ಬಿಸಿ ಅದರ ಮೂರನೇ ಒಂದು ಭಾಗದ ಆಸುಪಾಸು. ಶಕ್ತಿ ಕುಂದಿದ ಕೂದಲಿಗೆ ಸುರುಳಿ ಬೇಕೇ ಬೇಕೆಂದರೆ ರೋಲರ್ರೇ ಲೇಸು. ಮಾತು ಅಲ್ಲಿಗೆ ಮುಗಿದರೆ ಚೆನ್ನಾಗಿತ್ತು. ರೋಲರ್ ಹಾಕಿದ ಮೇಲೂ ಕೂದಲು ಮುರಿಯುತ್ತದೆ, ಅದು ಮುರಿಯುವ ಜಾಗಗಳು ಬೇರೆ.

ರೀಬಾಂಡಿಂಗ್ ಕ್ರೀಮಿನಲ್ಲಿ ಇರುವುದು ಹೆಚ್ಚಾಗಿ ಅಮೋನಿಯಂ ಥಯೋಗ್ಲೈಕೊಲೇಟ್, ಪಿಎಚ್ ಒಂಬತ್ತು ಒಂಬತ್ತೂವರೆ (ಏಳಕ್ಕಿಂತ ಮೇಲೆ ಹೋದಷ್ಟೂ ಕ್ಷಾರ ಹೆಚ್ಚು). ಕೂದಲಿನ ಕೆರಟಿನ್ ಎಂಬ ಪ್ರೋಟೀನಿನ ಎಳೆಗಳನ್ನು ಒಂದಕ್ಕೊಂದು ಹಿಡಿದಿರುವ ಗಂಧಕದ ಬಂಧಗಳನ್ನು ಅದು ಬಿಡಿಸುತ್ತದೆ. ಆಮೇಲೆ ಐರನ್ ಎಳೆದು ನೇರ ಮಾಡಿ, ಹೈಡ್ರೋಜನ್ ಪೆರಾಕ್ಸೈಡ್ ಇರುವ ನ್ಯೂಟ್ರಲೈಸರ್‌ನಿಂದ ಬಂಧಗಳನ್ನು ಮತ್ತೆ ಕೂಡಿಸುತ್ತಾರೆ. ಎಲ್ಲವೂ ಕೂಡುವುದಿಲ್ಲ. ರಿಲಾಕ್ಸರ್ ಎನ್ನುವುದು ಇನ್ನೊಂದು ಜಾತಿ. ಆಫ್ರಿಕನ್ ಮೂಲದವರ ಬಿಗಿ ಗುಂಗುರು ಕೂದಲಿಗೆಂದು ಬಳಕೆಗೆ ಬಂದ ಅದರಲ್ಲಿ ಸೋಡಿಯಂ ಹೈಡ್ರಾಕ್ಸೈಡ್ ಅಥವಾ ಗ್ವಾನಿಡಿನ್ ಹೈಡ್ರಾಕ್ಸೈಡ್ ಇರುತ್ತದೆ. ಸೋಡಿಯಂ ಜಾತಿಯದರ ಪಿಎಚ್ 12ಕ್ಕಿಂತ ಮೇಲೆ. ಅದು ಗಂಧಕದ ಬಂಧವನ್ನು ಮತ್ತೆ ಕೂಡದ ಹಾಗೆ ಬದಲಿಸಿಬಿಡುತ್ತದೆ. ಒಂದರ ಮೇಲೊಂದು ಈ ಎರಡು ಜಾತಿಯ ಕ್ರೀಮು ಬಿದ್ದರೆ ಕೂದಲು ಬುಡದಿಂದಲೇ ಕೈಗೆ ಬರಬಹುದು. ಹಾಗಾಗಿ ಬೆಂಗಳೂರಿನಲ್ಲೋ ವಿದೇಶದಲ್ಲೋ ಮಾಡಿಸಿಕೊಂಡು ಬಂದವರನ್ನು ‘ಯಾವ ಕ್ರೀಮು’ ಎಂದು ಕೇಳುವುದು ಕುತೂಹಲಕ್ಕಲ್ಲ. ರಿಲಾಕ್ಸ್ ಮಾಡಿದ ಕೂದಲನ್ನು ಒದ್ದೆಯಲ್ಲೇ ರೋಲರ್‌ಗೆ ಸುತ್ತಿ ಒಣಗಿಸುವ ಕೈಚಳಕ ಪಳಗಿದ್ದು ಅಮೆರಿಕದ ಕಪ್ಪು ಹೆಣ್ಣುಮಕ್ಕಳ ಸಲೂನ್‌ಗಳಲ್ಲಿ, ಡೊಮಿನಿಕನ್ ರಿಪಬ್ಲಿಕ್‌ನ ಸಲೂನ್‌ಗಳಲ್ಲಿ. ಅಲ್ಲಿಯ ಕಟ್ಟುನಿಟ್ಟುಗಳು ನಮ್ಮ ರೀಬಾಂಡಿಂಗ್ ಕೂದಲಿಗೂ ಹೆಚ್ಚುಕಡಿಮೆ ಹಾಗೇ ಒಪ್ಪುತ್ತವೆ.

ರೋಲರ್ ಈ ಗಂಧಕದ ಬಂಧಗಳ ತಂಟೆಗೆ ಹೋಗುವುದಿಲ್ಲ. ನೀರು ತಾಗಿದಾಗ ಬಿಟ್ಟುಕೊಂಡು, ಒಣಗಿದಾಗ ಕೂಡಿಕೊಳ್ಳುವ ಹೈಡ್ರೋಜನ್ ಬಂಧಗಳಷ್ಟೇ ಅದರ ಬಂಡವಾಳ. ಒದ್ದೆಯಾಗಿದ್ದಾಗ ಯಾವ ಆಕಾರದಲ್ಲಿ ಹಿಡಿದಿರುತ್ತೇವೋ ಒಣಗಿದ ಮೇಲೆ ಅದೇ ಆಕಾರ ನಿಲ್ಲುತ್ತದೆ. ಮೂಡಿಗೆರೆ, ಸಕಲೇಶಪುರದ ಕಡೆ ಶ್ರಾವಣದ ಮದುವೆಯಲ್ಲಿ ಸುರುಳಿ ಒಂದು ಗಂಟೆಯಲ್ಲೇ ಜೋತುಬೀಳುವುದೂ ಇದೇ ಕಾರಣಕ್ಕೆ, ಗಾಳಿಯ ತೇವವೇ ಸಾಕು.

ಇನ್ನು ಎಳೆತದ ವಿಷಯ. ನೀರು ಕುಡಿದ ಕೂದಲಿನ ಎಳೆ ದಪ್ಪದಲ್ಲಿ ಸುಮಾರು 15 ಶೇಕಡಾ ಊದುತ್ತದೆ, ಉದ್ದದಲ್ಲೂ ಶೇಕಡಾ ಒಂದೆರಡರಷ್ಟು ಹಿಗ್ಗುತ್ತದೆ. ಎಳೆದರೆ ಇನ್ನೂ ಬಹಳ ದೂರ ಬರುತ್ತದೆ. ಆರೋಗ್ಯದ ಕೂದಲು ಒದ್ದೆಯಲ್ಲಿ ಸುಮಾರು 30 ಶೇಕಡಾ ಹಿಗ್ಗಿ ವಾಪಸ್ ಬಂದೀತು, ರಾಸಾಯನಿಕ ಕಂಡ ಕೂದಲಿಗೆ ಆ ತಾಕತ್ತು ಇರುವುದಿಲ್ಲ. ಒದ್ದೆಯಲ್ಲಿ ಹಿಗ್ಗಿಸಿ ರೋಲರ್‌ಗೆ ಬಿಗಿಯಾಗಿ ಸುತ್ತಿದ್ದು ಡ್ರೈಯರ್ ಕೆಳಗೆ ಕುಗ್ಗುತ್ತಾ ಹೋಗುತ್ತದೆ. ರೋಲರ್ ಜಗ್ಗುವುದಿಲ್ಲ, ಕ್ಲಿಪ್ ಬಿಡುವುದಿಲ್ಲ. ಸುತ್ತುವಾಗ ‘ಸರಿಯಾಗಿದೆ’ ಅನ್ನಿಸಿದ ಬಿಗಿ ಮುಕ್ಕಾಲು ಗಂಟೆಯ ನಂತರ ಅತಿಬಿಗಿಯಾಗಿರುತ್ತದೆ. ಸುತ್ತಿ ಮುಗಿದಾಗ ರೋಲರ್ ನೆತ್ತಿಯ ಮೇಲೆ ಸ್ವಲ್ಪ ಅಲುಗಾಡಬೇಕು, ಹುಬ್ಬು ಮೇಲೆ ಎಳೆದಂತೆ ಆಗಕೂಡದು. ಕೂತವರು ‘ಉರೀತಿದೆ, ಎಳೀತಿದೆ’ ಅಂದರೆ ಸಮಾಧಾನ ಹೇಳದೆ ಆ ರೋಲರ್ ಬಿಚ್ಚಬೇಕು.

ಈ ಎಳೆತ ಬಂದು ಬೀಳುವ ಜಾಗ ಒಂದಿದೆ. ಕೂದಲು ತಿಂಗಳಿಗೆ ಒಂದರಿಂದ ಒಂದೂಕಾಲು ಸೆಂಟಿಮೀಟರ್ ಬೆಳೆಯುತ್ತದೆ. ರೀಬಾಂಡಿಂಗ್ ಆಗಿ ನಾಲ್ಕು ತಿಂಗಳಾಗಿದ್ದರೆ ಬುಡದಿಂದ ನಾಲ್ಕೈದು ಸೆಂಟಿಮೀಟರ್ ಹುಟ್ಟು ಕೂದಲು, ಆಮೇಲೆ ನೇರ ಮಾಡಿದ ಕೂದಲು. ಹುಟ್ಟು ಕೂದಲು ದಪ್ಪ, ಅಲೆಅಲೆ. ಅದರ ಕೆಳಗಿನದು ಸೊರಗಿದ್ದು. ಅಲೆಯನ್ನು ನೆಟ್ಟಗೆ ಮಾಡಲು ಎಳೆದ ಬಲವೆಲ್ಲ ಈ ಎರಡೂ ಸೇರುವ ಕಡೆ ಕೂರುತ್ತದೆ, ತುಂಡಾಗುವುದೂ ಅಲ್ಲೇ. ಮದುವೆ ಮುಗಿದ ಮೇಲೆ ಬೈತಲೆಯ ಎರಡೂ ಕಡೆ ಮೊಳಕೆಯ ಹಾಗೆ ನಿಂತ ಪುಟ್ಟ ಕೂದಲುಗಳನ್ನು ಕಂಡು ‘ಹೊಸ ಕೂದಲು ಬರ್ತಿದೆ’ ಎಂದು ಖುಷಿಪಡುವವರು ಬಹಳ. ಬೆಳಕಿಗೆ ಹಿಡಿದು ತುದಿ ನೋಡಿದರೆ ತಿಳಿಯುತ್ತದೆ. ಹೊಸದಾಗಿ ಹುಟ್ಟಿದ್ದರ ತುದಿ ಸೂಜಿಯಂತೆ ಸಣ್ಣಗಾಗಿರುತ್ತದೆ, ಮುರಿದದ್ದರ ತುದಿ ಮೊಂಡು. ಬಾಚಣಿಗೆಯಲ್ಲಿ ಬಂದ ಕೂದಲಿಗೂ ಹೀಗೇ ಪರೀಕ್ಷೆ: ಒಂದು ತುದಿಯಲ್ಲಿ ಬಿಳಿ ಗಂಟು ಇದ್ದರೆ ಬುಡಸಮೇತ ತಾನಾಗಿ ಉದುರಿದ್ದು, ದಿನಕ್ಕೆ 50ರಿಂದ 100ರವರೆಗೆ ಸಹಜ. ಗಂಟಿಲ್ಲದ ತುಂಡುಗಳು ಬಂದರೆ ಅದು ಮುರಿತ.

ರೋಲರ್ ಹಾಕಬಹುದೇ ಬೇಡವೇ ಎಂದು ನಿರ್ಧರಿಸಲು ಮದುವೆಗೆ ಎರಡು ವಾರ ಇರುವಾಗಲೇ ಒಂದು ಒದ್ದೆ ಎಳೆಯನ್ನು ಎರಡೂ ಕೈಯ ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದು ನೋಡಬೇಕು. ಸ್ವಲ್ಪ ಹಿಗ್ಗಿ ವಾಪಸ್ ಬಂದರೆ ಸರಿ. ಹಿಗ್ಗದೆ ಟಪ್ಪನೆ ಕಡಿದರೆ ಒಣಗಿದ ಕೂದಲು, ಕಂಡೀಷನಿಂಗ್ ಬೇಕು. ಚ್ಯೂಯಿಂಗ್ ಗಮ್ಮಿನಂತೆ ಉದ್ದಕ್ಕೆ ಬಂದು ಹಾಗೇ ಉಳಿದರೆ ಒಳಗಿನ ಕೆರಟಿನ್ ಕೈಕೊಟ್ಟಿದೆ. ಇಂಥದ್ದಕ್ಕೆ ಪ್ರೋಟೀನ್ ಇರುವ ಮಾಸ್ಕ್ ವಾರಕ್ಕೊಂದು ಸಲ ಹಾಕಿ ಮತ್ತೆ ಪರೀಕ್ಷಿಸಬಹುದು, ಆಗಲೂ ಹಾಗೇ ಇದ್ದರೆ ರೋಲರ್ ಆಸೆ ಬಿಡಬೇಕು. ಟಾಂಗ್‌ನದಂತೂ ಮಾತೇ ಬೇಡ. ಹಗುರವಾದ ಸಡಿಲ ಜಡೆ, ಇಲ್ಲವೇ ತುರುಬು. ಮದುವೆಗೆ ಹದಿನೈದು ದಿನ ಇರುವಾಗ ಹೊಸದಾಗಿ ರೀಬಾಂಡಿಂಗ್ ಮಾಡಿಸಿ ಅದರ ಮೇಲೆ ರೋಲರ್ ಕೇಳುವವರಿಗೆ ಒಪ್ಪಿಕೊಳ್ಳುವ ಪಾರ್ಲರ್ ಸಿಗುತ್ತದೆ, ಒಳ್ಳೆಯ ಪಾರ್ಲರ್ ಒಪ್ಪುವುದಿಲ್ಲ.

ನೀರಿನ ಬಗ್ಗೆ ಯಾರೂ ಮಾತಾಡುವುದಿಲ್ಲ, ಆದರೆ ಅರಸೀಕೆರೆ, ಕಡೂರು ಕಡೆಯ ಬೋರ್‌ವೆಲ್ ನೀರಿನಲ್ಲಿ ತೊಳೆದ ಕೂದಲಿಗೂ ಹಾಸನದಲ್ಲಿ ಹೇಮಾವತಿ ನೀರಿನಲ್ಲಿ ತೊಳೆದದ್ದಕ್ಕೂ ಬಾಚಣಿಗೆ ಹಾಕಿದ ಕೂಡಲೇ ವ್ಯತ್ಯಾಸ ಗೊತ್ತಾಗುತ್ತದೆ. ಗೀಸರಿನ ಕಾಯಿಲ್ ಮೇಲೆ, ಬಕೆಟ್ಟಿನ ಅಂಚಿನಲ್ಲಿ ಬಿಳಿ ಪದರ ಕಟ್ಟುವ ನೀರು ಕೂದಲಿನ ಮೇಲೂ ಕ್ಯಾಲ್ಸಿಯಂ, ಮೆಗ್ನೀಶಿಯಂ ಬಿಟ್ಟುಹೋಗುತ್ತದೆ. ರಾಸಾಯನಿಕ ಕಂಡು ಮೇಲಿನ ಪೊರೆ ತೆರೆದುಕೊಂಡ ಕೂದಲು ಇದನ್ನು ಇನ್ನಷ್ಟು ಹಿಡಿಯುತ್ತದೆ, ಒರಟಾಗುತ್ತದೆ, ಸಿಕ್ಕಾಗುತ್ತದೆ. ಕೊನೆಯ ಒಂದೆರಡು ಮಗ್ ಮಾತ್ರ ಫಿಲ್ಟರ್ ನೀರು ಹಾಕಿದರೂ ಸಾಕು. ಅದಕ್ಕೆ ಲೀಟರಿಗೆ ಒಂದು ದೊಡ್ಡ ಚಮಚ ಬಿಳಿ ವಿನೆಗರ್ ಬೆರೆಸಿದರೆ ಪೊರೆ ಸ್ವಲ್ಪ ಮುಚ್ಚಿಕೊಳ್ಳುತ್ತದೆ. ಒಂದು ನಿಮಿಷ ಬಿಟ್ಟು ಬರೀ ನೀರಿನಲ್ಲಿ ತೊಳೆದುಬಿಡಬೇಕು.

ಎಣ್ಣೆಶಾಸ್ತ್ರ ಇನ್ನೊಂದು ಕಗ್ಗಂಟು. ಮನೆಯ ಹಿರಿಯರೆಲ್ಲ ಒಬ್ಬೊಬ್ಬರಾಗಿ ಎಣ್ಣೆ ಹಚ್ಚಿ ಹೋದ ತಲೆಗೆ ರೋಲರ್ ನಿಲ್ಲುವುದಿಲ್ಲವೆಂದು ಮೂರು ಸಲ ಶ್ಯಾಂಪೂ ತಿಕ್ಕುತ್ತಾರೆ. ಎಣ್ಣೆಗಿಂತ ಆ ತಿಕ್ಕುವಿಕೆಯೇ ಹೆಚ್ಚು ಹಾನಿ. ಹರಳೆಣ್ಣೆ ಅಂಟು, ತೊಳೆಯುವಾಗ ಉದ್ದ ಕೂದಲು ಜಡೆಗಟ್ಟಿ ಬಿಡಿಸಲಾಗದಂತೆ ಆಗುವುದೂ ಉಂಟು. ಶಾಸ್ತ್ರಕ್ಕೆ ಕೊಬ್ಬರಿ ಎಣ್ಣೆ ಇಡಿ ಎಂದು ಅಮ್ಮನಿಗೆ ಮೊದಲೇ ಹೇಳಿರಬೇಕು. ಕೊಬ್ಬರಿ ಎಣ್ಣೆಗೆ ಇನ್ನೊಂದು ಗುಣವಿದೆ. ಅದರ ಲಾರಿಕ್ ಆಮ್ಲ ಕೂದಲಿನ ಒಳಕ್ಕೆ ಇಳಿಯುತ್ತದೆ, ತೊಳೆಯುವಾಗ ಕರಗಿಹೋಗುವ ಪ್ರೋಟೀನನ್ನು ತಡೆಯುತ್ತದೆ. ಮಿನರಲ್ ಎಣ್ಣೆ, ಸೂರ್ಯಕಾಂತಿ ಎಣ್ಣೆಗಳಿಗೆ ಇದು ಸಾಧ್ಯವಾಗಲಿಲ್ಲ ಎಂದು 2003ರಲ್ಲಿ ಪ್ರಕಟವಾದ ಭಾರತೀಯ ಸಂಶೋಧಕರ ಅಧ್ಯಯನವೊಂದು ತೋರಿಸಿತ್ತು. ಎರಡು ಮೂರು ಚಮಚ ಸಾಕು, ಉದ್ದಕ್ಕೂ ಸವರಿ ಒಂದು ಗಂಟೆ ಬಿಟ್ಟರೆ ಆಯಿತು. ತೊಳೆಯುವಾಗ ಮೊದಲು ಎಣ್ಣೆಯ ಮೇಲೆಯೇ ಕಂಡೀಷನರ್ ಸವರಿ, ಆಮೇಲೆ ನೆತ್ತಿಗೆ ಮಾತ್ರ ಶ್ಯಾಂಪೂ. ಇಳಿದುಬರುವ ನೊರೆ ಉದ್ದಕ್ಕೆ ಸಾಕಾಗುತ್ತದೆ. ಕೂದಲನ್ನು ನೆತ್ತಿಯ ಮೇಲೆ ಗುಡ್ಡೆ ಹಾಕಿ ಉಜ್ಜಕೂಡದು. ಸೀಗೆಪುಡಿಯೇ ಬೇಕೆನ್ನುವವರು ಕುದಿಸಿ ತೆಳುಬಟ್ಟೆಯಲ್ಲಿ ಸೋಸಿದ ನೀರು ಬಳಸಲಿ, ಪುಡಿಯ ತರಿ ಈ ಕೂದಲಿಗೆ ಆಗದು.

ತಲೆ ಒರೆಸುವುದಕ್ಕೆ ಹಳೇ ಕಾಟನ್ ಪಂಚೆ. ಹಿಂಡಬಾರದು, ಅದುಮಿ ನೀರು ಹೀರಿಸಬೇಕು.

ನಿಜಕ್ಕೂ ಅತಿ ಹೆಚ್ಚು ಕೂದಲು ಹೋಗುವುದು ಸಿಕ್ಕು ಬಿಡಿಸುವಾಗ. ಕಂಡೀಷನರ್ ಜಾರಿಕೆ ಇರುವಾಗಲೇ, ತೊಳೆಯುವ ಮುನ್ನವೇ ಬೆರಳಿನಿಂದ ಬಿಡಿಸಿಕೊಂಡಿದ್ದರೆ ಅರ್ಧ ಕೆಲಸ ಮುಗಿಯಿತು. ಆಮೇಲೆ ಅಗಲ ಹಲ್ಲಿನ ಬಾಚಣಿಗೆ, ಅದೂ ತುದಿಯಿಂದ. ತುದಿಯ ನಾಲ್ಕು ಬೆರಳು ಬಿಡಿಸಿ, ಅದರ ಮೇಲಿನ ನಾಲ್ಕು ಬೆರಳು, ಹೀಗೆ ಬುಡದ ಕಡೆ ಹತ್ತುತ್ತಾ ಹೋಗಬೇಕು. ಸಿಕ್ಕಿನ ಮೇಲ್ಭಾಗದ ಕೂದಲನ್ನು ಎಡಗೈಯಲ್ಲಿ ಹಿಡಿದಿದ್ದರೆ ಎಳೆತ ಬುಡಕ್ಕೂ ಆ ಜೋಡಣೆಯ ಜಾಗಕ್ಕೂ ಹೋಗುವುದಿಲ್ಲ. ಬಾಲದ ಬಾಚಣಿಗೆಯ ಬಾಲಕ್ಕೆ ಮಾತ್ರ ಇಲ್ಲಿ ಕೆಲಸ, ಪಾಲು ತೆಗೆಯಲು. ಅದರ ಸಣ್ಣ ಹಲ್ಲನ್ನು ಒದ್ದೆ ರೀಬಾಂಡಿಂಗ್ ಕೂದಲಿನಲ್ಲಿ ಬುಡದಿಂದ ತುದಿವರೆಗೆ ಎಳೆಯುವ ಅಭ್ಯಾಸ ನಮ್ಮ ಪಾರ್ಲರ್‌ಗಳಲ್ಲಿ ಬಹಳ ಇದೆ. ರೋಲರಿನ ಮೇಲೆ ಬರುವ ದೂರಿನಲ್ಲಿ ಅರ್ಧ ಈ ಬಾಚಣಿಗೆಗೆ ಸೇರಬೇಕಾದ್ದು.

ರೋಲರಲ್ಲಿ ಯಾವುದು? ನುಣುಪಾದ ಪ್ಲಾಸ್ಟಿಕ್ಕಿನ, ಮೈಯೆಲ್ಲ ತೂತಿರುವ ‘ಮ್ಯಾಗ್ನೆಟಿಕ್’ ರೋಲರ್. ಹೆಸರಷ್ಟೇ, ಅದರಲ್ಲಿ ಅಯಸ್ಕಾಂತವಿಲ್ಲ. ವೆಲ್‌ಕ್ರೋ ರೋಲರ್ ಒಣ ಕೂದಲಿಗೆ ಆದೀತು, ಸೊರಗಿದ ಒದ್ದೆ ಕೂದಲಿಗೆ ಅದರ ಕೊಕ್ಕೆಗಳು ಶತ್ರು. ಒಳಗೆ ಬ್ರಷ್ ಇರುವ ಹಳೆಯ ಜಾಲರಿ ರೋಲರ್ ಅದಕ್ಕಿಂತ ಕೆಟ್ಟದ್ದು. ಸ್ಪಂಜಿನ ರೋಲರ್ ಮೆತ್ತಗಿದ್ದರೂ ಕೂದಲಿನ ತೇವವನ್ನು ತಾನೇ ಕುಡಿದು ಒಣಗಲು ಬಿಡುವುದಿಲ್ಲ, ಅದರ ಕೊಂಡಿ ಒಂದೇ ಗೆರೆಯಲ್ಲಿ ಕೂದಲನ್ನು ಒತ್ತುತ್ತದೆ. ಪ್ಲಾಸ್ಟಿಕ್ ರೋಲರನ್ನೂ ಕೊಳ್ಳುವಾಗ ಅಚ್ಚಿನ ಗೆರೆ ಉಳಿದಿದೆಯೇ ಎಂದು ಉಗುರಿನಿಂದ ಸವರಿ ನೋಡಬೇಕು. ಉಗುರಿಗೆ ತಡೆದದ್ದು ಕೂದಲಿಗೂ ತಡೆಯುತ್ತದೆ.

ಗಾತ್ರಕ್ಕೆ ಲೆಕ್ಕ ಸುಲಭ. ಕೂದಲು ರೋಲರನ್ನು ಒಂದು ಸುತ್ತು ಹಾಕಿದರೆ ತುದಿ ಬಾಗುತ್ತದೆ, ಒಂದೂವರೆ ಸುತ್ತಿಗೆ ಅಲೆ, ಎರಡೂವರೆ ಸುತ್ತಿಗೆ ಸುರುಳಿ. ನಾಲ್ಕು ಸೆಂಟಿಮೀಟರ್ ಅಡ್ಡಳತೆಯ ರೋಲರಿನ ಒಂದು ಸುತ್ತು ಸುಮಾರು ಹನ್ನೆರಡೂವರೆ ಸೆಂಟಿಮೀಟರ್. ಭುಜ ದಾಟಿದ ಕೂದಲಿಗೆ ಇದು ಧಾರಾಳ. ಸೊಂಟದವರೆಗಿನ ಕೂದಲಿಗೆ ಐದಾರು ಸೆಂಟಿಮೀಟರಿನದೇ ಬೇಕು, ಚಿಕ್ಕದರ ಮೇಲೆ ಸುತ್ತಿಗೆ ಸುತ್ತು ಕೂತು ಒಳಪದರ ಒಣಗುವುದೇ ಇಲ್ಲ. ಒಂದು ತಲೆಗೆ ಇಪ್ಪತ್ತರಿಂದ ಇಪ್ಪತ್ತೈದು ರೋಲರ್ ಹಿಡಿಯುತ್ತದೆ. ರೋಲರ್ ಕಡಿಮೆಯಾಯಿತೆಂದು ದಪ್ಪ ದಪ್ಪ ಪಾಲು ತೆಗೆದರೆ ಒಣಗಿಸುವ ಹೊತ್ತೂ ಬೆಳೆಯುತ್ತದೆ, ಎಳೆತವೂ ಒಂದೇ ಸಮ ಬೀಳುವುದಿಲ್ಲ. ಪಾಲಿನ ಅಗಲ ರೋಲರಿನ ಉದ್ದವನ್ನು ಮೀರಬಾರದು, ದಪ್ಪ ರೋಲರಿನ ಅಡ್ಡಳತೆಯನ್ನು ಮೀರಬಾರದು. ಅಂಚಿನಿಂದ ಹೊರಗೆ ಜಾರಿದ ಕೂದಲೇ ಬಿಚ್ಚುವಾಗ ಸಿಕ್ಕಾಗಿ ಕಡಿಯುವುದು.

ಕೂದಲು ಒದ್ದೆಯಿರಬೇಕು, ತೊಟ್ಟಿಕ್ಕಬಾರದು. ಪಕ್ಕದಲ್ಲಿ ಸ್ಪ್ರೇ ಬಾಟಲ್ ಇರಲಿ, ಕೊನೆಯ ಪಾಲಿನ ಹೊತ್ತಿಗೆ ತಲೆ ಒಣಗಿರುತ್ತದೆ. ತೊಳೆಯದೇ ಬಿಡುವ ಲೀವ್-ಇನ್ ಕಂಡೀಷನರ್ ಹತ್ತು ರೂಪಾಯಿ ನಾಣ್ಯದಷ್ಟು, ಉದ್ದ ಕೂದಲಿಗೆ ಅದರ ಎರಡರಷ್ಟು, ಬುಡ ಬಿಟ್ಟು. ಅದರ ಮೇಲೆ ಸುರುಳಿಯನ್ನು ಹಿಡಿದಿಡುವ ಸೆಟ್ಟಿಂಗ್ ಲೋಷನ್ ಅಥವಾ ಫೋಮ್, ಆಲ್ಕೋಹಾಲ್ ಹೆಚ್ಚಿರುವುದು ಬೇಡ. ಮನೆಯಲ್ಲೇ ಆಗಬೇಕೆಂದರೆ ಕಾಲು ಲೋಟ ಅಗಸೆ ಬೀಜಕ್ಕೆ ಎರಡು ಲೋಟ ನೀರು ಹಾಕಿ, ಕೈಯಾಡಿಸುತ್ತಾ ಏಳೆಂಟು ನಿಮಿಷ ಕುದಿಸಿದರೆ ಲೋಳೆ ಬಿಡುತ್ತದೆ. ಬಿಸಿಯಿರುವಾಗಲೇ ತೆಳುಬಟ್ಟೆಯಲ್ಲಿ ಸೋಸಬೇಕು, ತಣ್ಣಗಾದರೆ ಬಟ್ಟೆಯಿಂದ ಇಳಿಯುವುದಿಲ್ಲ. ಫ್ರಿಜ್ಜಿನಲ್ಲಿ ವಾರ ಬಾಳುತ್ತದೆ. ಒಂದು ರೋಲರಿಗೆ ಅರ್ಧ ಚಮಚ ಸಾಕು, ಹೆಚ್ಚಾದರೆ ಒಣಗಿ ಬಿಳಿ ಹೊಟ್ಟಿನಂತೆ ಉದುರುತ್ತದೆ.

ತುದಿಗೆ ಎಂಡ್ ಪೇಪರ್, ಅಂದರೆ ತುದಿಯನ್ನು ಮಡಿಸಿ ಹಿಡಿಯುವ ತೆಳು ಕಾಗದ, ಮರೆಯಬಾರದು. ತುದಿಯನ್ನು ಕಾಗದದ ಮಡಿಕೆಯೊಳಗೆ ಚಪ್ಪಟೆಯಾಗಿ ಹರಡಿ, ಕಾಗದವನ್ನು ತುದಿಗಿಂತ ಸ್ವಲ್ಪ ಕೆಳಕ್ಕೆ ಜಾರಿಸಿ, ಆಮೇಲೆ ರೋಲರಿಗೆ ತಾಗಿಸಬೇಕು. ಕಾಗದವಿಲ್ಲದೆ ಸುತ್ತಿದ ತುದಿ ಕೊಕ್ಕೆಯಂತೆ ಮಡಚಿ ಒಣಗುತ್ತದೆ, ಬಾಚಿದಾಗ ಮಡಿಕೆಯಲ್ಲೇ ಮುರಿಯುತ್ತದೆ. ಪಾಲನ್ನು ನೆತ್ತಿಗೆ ನೇರ ಲಂಬವಾಗಿ ಎತ್ತಿ ಸುತ್ತಿದರೆ ಸಾಕು. ಎತ್ತರ ಬರಲೆಂದು ಮುಂದಕ್ಕೆ ಬಗ್ಗಿಸಿ ಎತ್ತಿದರೆ ರೋಲರ್ ಬುಡದ ಮೇಲೇ ಕೂತು ಎಳೆಯುತ್ತದೆ. ಹಣೆಯಂಚಿನ ನಯ ಕೂದಲನ್ನು ಇನ್ನೂ ತಗ್ಗಿನ ಕೋನದಲ್ಲಿ ಸಡಿಲವಾಗಿ ಸುತ್ತುವುದು ಒಳ್ಳೆಯದು. ಕ್ಲಿಪ್ಪನ್ನು ರೋಲರಿನ ಬಾಯಿಯ ಅಂಚಿಗೆ ಹಾಕಬೇಕು, ಬುಡದ ಕೂದಲಿಗೆ ಅಡ್ಡಲಾಗಿ ಅಲ್ಲ. ಲೋಹದ ಕ್ಲಿಪ್ ಡ್ರೈಯರ್ ಕೆಳಗೆ ಕಾಯುತ್ತದೆ, ನೆತ್ತಿಗೆ ತಾಗುವ ಕಡೆ ಹತ್ತಿಯ ತುಣುಕು ಇಡಿ.

ಡ್ರೈಯರ್ ಮಧ್ಯಮ ಬಿಸಿಯಲ್ಲಿ. ಭುಜದ ಕೂದಲಿಗೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ, ಸೊಂಟದವರೆಗಿನ ಸೊಂಪಾದ ಕೂದಲಿಗೆ ಒಂದೂವರೆ, ಎರಡು ಗಂಟೆ. ಬಿಸಿ ಹೆಚ್ಚಿಸಿ ಸಮಯ ಉಳಿಸಲು ಹೋದರೆ ಹೊರಪದರ ಕಾದು ಒಳಪದರ ಹಸಿಯಾಗೇ ಉಳಿಯುತ್ತದೆ. ಬಿಸಿಯಾದ ಕೂದಲು ಕೈಗೆ ಒಣಗಿದಂತೆ ಮೋಸ ಮಾಡುತ್ತದೆ ಬೇರೆ. ಡ್ರೈಯರ್ ಆರಿಸಿ ಹದಿನೈದು ನಿಮಿಷ ತಣ್ಣಗಾಗಲು ಬಿಟ್ಟು, ಕತ್ತಿನ ಹಿಂಭಾಗದ ಒಂದು, ನೆತ್ತಿಯ ಒಂದು ಬಿಚ್ಚಿ ನೋಡಬೇಕು. ತಂಪು ಹತ್ತಿದರೆ ಅದು ತೇವ, ಮತ್ತೆ ಸುತ್ತಿ ಮತ್ತೆ ಕೂರಿಸಿ.

ಮಳೆಗಾಲದಲ್ಲಿ ಕರೆಂಟ್ ನಡುವೆ ಹೋಗದಿದ್ದರೆ ಅದು ಚಿಕ್ಕಮಗಳೂರೇ ಅಲ್ಲ. ಹುಡ್ ಡ್ರೈಯರಿಗೆ ಸಾವಿರ ವಾಟಿನ ಆಸುಪಾಸು ಬೇಕು, ಮನೆಯ ಚಿಕ್ಕ ಇನ್ವರ್ಟರ್ ಎಳೆಯುವುದಿಲ್ಲ. ಛತ್ರದ ಜನರೇಟರಿನಲ್ಲಿ ವಧುವಿನ ಕೋಣೆಯ ಪ್ಲಗ್ಗಿಗೂ ಲೈನ್ ಇದೆಯೇ ಎಂದು ಮೊದಲೇ ಕೇಳಿಕೊಳ್ಳಬೇಕು, ಎಷ್ಟೋ ಕಡೆ ಇರುವುದು ಲೈಟಿಗೆ ಮಾತ್ರ. ಅರ್ಧಕ್ಕೇ ನಿಂತರೆ ಗಾಬರಿಯಲ್ಲಿ ಬಿಚ್ಚಿ ಟಾಂಗ್ ಹಿಡಿಯಬೇಡಿ. ಹಸಿ ಕೂದಲಿಗೆ ಟಾಂಗ್ ತಾಗಿಸಿದರೆ ಒಳಗಿನ ನೀರು ಆವಿಯಾಗಿ ಎಳೆಯನ್ನೇ ಗುಳ್ಳೆಗುಳ್ಳೆ ಮಾಡುತ್ತದೆ. ನೆಟ್ ಕಟ್ಟಿ, ಇನ್ವರ್ಟರಿನ ಮೇಲೆ ಟೇಬಲ್ ಫ್ಯಾನ್ ಹಚ್ಚಿ ಕೂರಿಸಿದರೆ ತಡವಾದರೂ ಒಣಗುತ್ತದೆ. ತಣ್ಣನೆ ಗಾಳಿಯಲ್ಲೂ ಸುರುಳಿ ಕೂರುತ್ತದೆ.

ಬಿಚ್ಚುವುದು ಕತ್ತಿನ ಕಡೆಯಿಂದ ಮೇಲಕ್ಕೆ. ರೋಲರನ್ನು ಎಳೆಯದೆ, ಸುತ್ತಿದ ದಾರಿಯಲ್ಲೇ ತಿರುಗಿಸಿ ತೆಗೆಯಬೇಕು. ಅಂಟಿದ ಕಾಗದಕ್ಕೆ ಒಂದು ಹನಿ ನೀರು. ಆಮೇಲೆ ಅಂಗೈಗೆ ಎರಡು ಹನಿ ಸೀರಮ್ ಸವರಿ ಬೆರಳಿನಿಂದ ಸುರುಳಿ ಬಿಡಿಸಿದರೆ ಆಯಿತು. ಪಫ್ ಎತ್ತಲು ಬ್ಯಾಕ್ ಕೋಂಬಿಂಗ್, ಅಂದರೆ ಬುಡದ ಕಡೆಗೆ ಹಿಮ್ಮುಖವಾಗಿ ಬಾಚುವುದು, ಮಾಡುವ ಜಾಗ ಯಾವುದು ನೋಡಿ: ಬುಡದಿಂದ ನಾಲ್ಕೈದು ಸೆಂಟಿಮೀಟರ್, ಅದೇ ಆ ಜೋಡಣೆಯ ಜಾಗ. ಅದರ ಬದಲು ಕೂದಲಿನ ಬಣ್ಣದ ಜಾಲರಿ ಸ್ಟಫಿಂಗ್ ಇಟ್ಟು ಮೇಲೆ ಕೂದಲು ಹೊದಿಸಬಹುದು.

ರಿಸೆಪ್ಷನ್ ಮುಗಿಯುವುದು ರಾತ್ರಿ ಹನ್ನೊಂದಕ್ಕೆ, ಮೇಕಪ್‌ನವರು ಮತ್ತೆ ಬಾಗಿಲು ತಟ್ಟುವುದು ಮೂರೂವರೆಗೆ. ಸ್ಪ್ರೇ ಹೊಡೆದು ಗಟ್ಟಿಯಾದ ಕೂದಲನ್ನು ಆ ಹೊತ್ತಿನಲ್ಲಿ ಒಣಗಿದ್ದ ಹಾಗೇ ಬಾಚಿ ಜಡೆ ಹಾಕಲು ಹೊರಟರೆ, ಹಿಂದಿನ ದಿನ ಪಟ್ಟ ಶ್ರಮವೆಲ್ಲ ನೀರುಪಾಲು. ಮಲಗುವ ಮುನ್ನ ಪಿನ್ನುಗಳನ್ನೆಲ್ಲ ತೆಗೆದು, ಸಡಿಲವಾಗಿ ನೆತ್ತಿಯ ಮೇಲೆ ಸುತ್ತಿ, ಹಳೇ ರೇಷ್ಮೆ ಸೀರೆಯ ಜರಿಯಿಲ್ಲದ ತುಂಡು ಕಟ್ಟಿಕೊಳ್ಳಬೇಕು. ಬೆಳಿಗ್ಗೆ ಒಂದು ಪಾಲು ಕಂಡೀಷನರಿಗೆ ನಾಲ್ಕು ಪಾಲು ನೀರು ಬೆರೆಸಿ ಸ್ಪ್ರೇ ಮಾಡಿ, ಐದು ನಿಮಿಷ ಬಿಟ್ಟು, ಸ್ಪ್ರೇಯ ಗಟ್ಟಿ ಕರಗಿದ ಮೇಲೆ ತುದಿಯಿಂದ ಬಿಡಿಸಬೇಕು. ಇದಕ್ಕೆ ಅರ್ಧ ಗಂಟೆ ಹೆಚ್ಚು ಬೇಕು, ಬುಕ್ ಮಾಡುವಾಗಲೇ ಹೇಳಿಟ್ಟಿರಿ. ನಾದಸ್ವರದವರು ಬಂದ ಮೇಲೆ ಯಾರ ಹತ್ತಿರವೂ ಅರ್ಧ ಗಂಟೆ ಇರುವುದಿಲ್ಲ.

ಮೊಗ್ಗಿನ ಜಡೆಗೆ ಭಾರವಿದೆ. ಚೌರಿ, ಕುಚ್ಚು, ಮೇಲೆ ಮಲ್ಲಿಗೆ ದಂಡೆ ಸೇರಿದರೆ ಇನ್ನೂ ಹೆಚ್ಚು. ಚೌರಿಯನ್ನು ನೆತ್ತಿಯಲ್ಲಿ ಸೇರಿಸದೆ ಕತ್ತಿನ ಹತ್ತಿರ, ಜಡೆ ದಪ್ಪವಿರುವ ಕಡೆ ಹೆಣಿಗೆಯಲ್ಲಿ ಸೇರಿಸಿದರೆ ಭಾರ ಹಂಚಿಹೋಗುತ್ತದೆ. ಹೂವಿನ ಪಟ್ಟಿಯನ್ನು ಕಟ್ಟುವ ದಾರ ಕಪ್ಪಾಗಿದ್ದರೆ ಕಾಣುವುದಿಲ್ಲವೆಂದು ಅದನ್ನೇ ಬಳಸುತ್ತಾರೆ. ಸಂಜೆ ಸುಸ್ತಾಗಿ ಕೂತ ಹುಡುಗಿಯ ಜಡೆಯನ್ನು ಅತ್ತಿಗೆಯೋ ಚಿಕ್ಕಮ್ಮನೋ ಕತ್ತರಿ ಹಿಡಿದು ಬಿಚ್ಚುವಾಗ ಆ ಕಪ್ಪು ದಾರಕ್ಕೂ ಕೂದಲಿಗೂ ವ್ಯತ್ಯಾಸ ತಿಳಿಯುವುದಿಲ್ಲ. ಜಡೆಯ ಒಳಮಗ್ಗುಲಿಗೆ ಬರುವ ಗಂಟುಗಳಿಗೆ ಮಾತ್ರ ಕೆಂಪು ದಾರ ಹಾಕಿ, ‘ಕೆಂಪು ಕಂಡಲ್ಲಿ ಮಾತ್ರ ಕತ್ತರಿಸಿ’ ಎಂದು ಹೇಳಿ ಹೊರಡಿ.